ಚಳಿಗೆ ಗಡುಸಾಗುವ ರಬ್ಬರು

ಮೂವತ್ತೊಂದು ಹಳೆಯ ಸೇತುವೆಗಳಿಗೆ ಹಳೆಯ, ಹೊಸ ಎರಡೂ ಪ್ರೋಗ್ರಾಮುಗಳ ಉತ್ತರ ಕೂದಲೆಳೆಯಷ್ಟೂ ತಪ್ಪದೆ ಹೊಂದಿತು. ಈಗ ಕಟ್ಟಬೇಕಾಗಿದ್ದ ಮೂವತ್ತೆರಡನೆಯದು ಹೊಂದಲಿಲ್ಲ. ಕಂಬದ ನೆತ್ತಿಯಲ್ಲಿ ಕೂರಿಸುವ ರಬ್ಬರು ದಿಂಬು ಹಿಮ ಬೀಳುವ ದಿನ ಎಷ್ಟು ಸರಿಯುತ್ತದೆ ಎಂದು ಕೇಳಿದರೆ ಹಳೆಯ ಪ್ರೋಗ್ರಾಮು ಹನ್ನೊಂದು ಮಿಲಿಮೀಟರ್ ಎಂದಿತು. ಕಚೇರಿಯ ಕಿರಿಯ ಇಂಜಿನಿಯರಾದ ಅವಳು ಬರೆದ ಹೊಸದು ಏಳು ಎಂದಿತು.

ಹಳೆಯದನ್ನು ಇಪ್ಪತ್ತು ವರ್ಷ ಸಾಕಿ ಬೆಳೆಸಿದ ಹಿರಿಯ ಇಂಜಿನಿಯರು ಎದುರಿನ ಮೇಜಿನಲ್ಲೇ ಇದ್ದರು. ಕಚೇರಿಗೆಲ್ಲ ಅವರು ಅಜ್ಜ. ಅವರ ಪ್ರೋಗ್ರಾಮಿನಲ್ಲಿ ಉಕ್ಕು, ಕಾಂಕ್ರೀಟು, ರಬ್ಬರು ಎಲ್ಲದರ ಗುಣಗಳೂ ಲೆಕ್ಕದ ಸಾಲುಗಳೊಳಗೆ ಸಿಕ್ಕುಸಿಕ್ಕಾಗಿ ಸೇರಿಕೊಂಡಿದ್ದವು. ಒಂದನ್ನು ಬದಲಿಸಲು ಹತ್ತಾರು ಕಡೆ ಕೈಯಾಡಿಸಬೇಕು. ಅವಳು ಮೂರು ತಿಂಗಳು ಕೂತು ಅದನ್ನು ಬಿಡಿಸಿದ್ದಳು. ಲೆಕ್ಕದ ಭಾಗ ಈಗ ಒಂದೇ ಪ್ರಶ್ನೆ ಕೇಳುತ್ತದೆ: ಇಷ್ಟು ಸರಿಸಲು ಎಷ್ಟು ಬಲ ಬೇಕು? ಪ್ರತಿ ವಸ್ತುವೂ ತನ್ನದೇ ಘಟಕದಿಂದ ಉತ್ತರಿಸುತ್ತದೆ. ತಂತ್ರಾಂಶದವರಿಗೆ ಇದು ಎಂದಿನಿಂದಲೂ ಗೊತ್ತಿರುವ ವಿನ್ಯಾಸ ಮಾದರಿ, ಸೇತುವೆಯವರಿಗೆ ಹುಡುಗಾಟ.

ಮಧ್ಯಾಹ್ನಕ್ಕೆ ದಿಂಬಿನ ನಕ್ಷೆ ಅದನ್ನು ತಯಾರಿಸುವ ಕಾರ್ಖಾನೆಗೆ ಹೋಗಬೇಕಿತ್ತು. ಹಳೆಯ ಉತ್ತರವನ್ನೇ ಹಾಕಿ ಕಳಿಸಿಬಿಡೋಣ ಎಂದರು ವಿಭಾಗದ ಮುಖ್ಯಸ್ಥೆ. ಅವಳು ಒಪ್ಪಲಿಲ್ಲ. ದಿಂಬು ಸಾಕಷ್ಟು ಸರಿಯದಿದ್ದರೆ ಚಳಿಗೆ ಕುಗ್ಗುವ ಸೇತುವೆಯ ಎಳೆತವೆಲ್ಲ ಕಂಬದ ಮೇಲೆ ಬೀಳುತ್ತದೆ, ಕಂಬ ಬಿರುಕು ಬಿಡುತ್ತದೆ ಎಂದಳು. ಆಮೇಲೆ ಅಜ್ಜನ ಕಡೆ ತಿರುಗಿದಳು.

“ಕೈಯಲ್ಲೇ ಒಂದ್ಸಲ ಲೆಕ್ಕ ಹಾಕಿ ನೋಡಿ ಸರ್. ನನ್ನದು ತಪ್ಪಿದ್ರೆ ಮೂರು ತಿಂಗಳ ಕೆಲಸಾನ ನಾನೇ ಅಳಿಸಿಹಾಕ್ತೀನಿ.”

ಅಜ್ಜ ಹಾಳೆ ಎಳೆದುಕೊಂಡರು. ಅರ್ಧ ಪುಟ ತುಂಬುವಷ್ಟರಲ್ಲಿ ಏಳು ಬಂತು. ಹಾಳೆ ಮಗುಚಿ ಮೊದಲಿನಿಂದ ಮಾಡಿದರು. ಮತ್ತೆ ಏಳು. ಆಗ ತಮ್ಮ ಪ್ರೋಗ್ರಾಮನ್ನು ತೆರೆದು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದರು. ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು, ಹೇಳಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬೆರಳು ನಿಂತಿತು.

“ಚಳಿಗೆ ರಬ್ಬರು ಗಡುಸಾಗೋದನ್ನ ಹದಿಮೂರು ಕಡೆ ಬರೆದಿದೀನಿ. ಇದೊಂದು ಕಡೆ ಬಿಟ್ಟಿದೀನಿ,” ಎಂದರು.

ಹಳೆಯ ಸೇತುವೆಗಳ ಪಟ್ಟಿಯನ್ನು ಇಬ್ಬರೂ ಸೇರಿ ನೋಡಿದರು. ಎಲ್ಲವೂ ಬಿಸಿಲುಸೀಮೆಯವು, ಹಿಮ ಕಂಡವಲ್ಲ. ಅಜ್ಜ ಉಸಿರು ಬಿಟ್ಟರು. ನಕ್ಷೆ ಇವತ್ತು ಹೋಗುವುದಿಲ್ಲ ಎಂದು ಮುಖ್ಯಸ್ಥೆ ಕಾರ್ಖಾನೆಗೆ ಫೋನ್ ಮಾಡಿದರು.

ಏಳು ಮಿಲಿಮೀಟರ್ ಸರಿದರೆ ಸಾಲದ್ದರಿಂದ ಚಳಿಗೆ ಅಷ್ಟು ಗಡುಸಾಗದ ಬೇರೆ ರಬ್ಬರು ಹುಡುಕಬೇಕಾಯಿತು. ಮರುದಿನ ಬೆಳಿಗ್ಗೆ ಅಜ್ಜ ಹೊಸ ರಬ್ಬರಿನ ಪರೀಕ್ಷಾ ವರದಿ ಹಿಡಿದು, ಕುರ್ಚಿಯನ್ನು ತಾವೇ ಎಳೆದುಕೊಂಡು ಅವಳ ಮೇಜಿಗೆ ಬಂದರು.

“ಇದನ್ನ ಎಲ್ಲೆಲ್ಲಿ ಬರೀಬೇಕಮ್ಮಾ?”

“ಒಂದೇ ಕಡೆ ಸರ್.”

ಅವಳು ತುಸು ಪಕ್ಕಕ್ಕೆ ಸರಿದು ಕೀಬೋರ್ಡನ್ನು ಅವರ ಮುಂದಕ್ಕೆ ತಳ್ಳಿದಳು. ಅಜ್ಜ ಕನ್ನಡಕ ಏರಿಸಿಕೊಂಡು, ಎರಡೇ ಬೆರಳಲ್ಲಿ, ಮೊದಲ ಸಾಲು ಕುಟ್ಟತೊಡಗಿದರು.