ಹಸಿರು ಪೆಟ್ಟಿಗೆಯ ಐದು ಓಟು

ಹಸಿರು ಬಳೆಯ ಡಬ್ಬಿಯನ್ನು ಟವೆಲಿನಲ್ಲಿ ಸುತ್ತಿ, ಚೀಲದ ತಳಕ್ಕೆ ತುರುಕಿಕೊಂಡು ಸತ್ಯಮೂರ್ತಿ ಭೀಮುನಿಪಟ್ಟಣದ ಬೀಗರ ಮನೆಯ ಮೆಟ್ಟಿಲು ಹತ್ತಿದರು. ಕಳ್ಳಸಾಗಣೆ ಮಾಡುವವನ ಎದೆಯೂ ಹೀಗೆ ಹೊಡೆದುಕೊಳ್ಳುತ್ತಿರಲಿಲ್ಲ.

ಮಗ ಅನಿರುದ್ಧನ ಮದುವೆಗೆ ಇನ್ನು ನಾಲ್ಕೇ ದಿನ. ಹೆಂಡತಿ ಹೈಮಾವತಿ, "ಸೊಸೆ ಕೈಗೆ ಹಸಿರು ಬಳೆ ಬೀಳದೆ ಧಾರೆ ಹೇಗ್ರೀ ಎರೆಯೋದು? ನಾನಂತೂ ಮಂಟಪಕ್ಕೆ ಬರಲ್ಲ" ಎಂದು ಹಟ ಹಿಡಿದಿದ್ದರು. ಹುಡುಗಿ ಸಾಯಿಪ್ರಿಯಾಳ ಮನೆಯಲ್ಲೋ ಎಂಬತ್ತು ವರ್ಷದಿಂದ ಹಸಿರಿಗೆ ಪ್ರವೇಶವಿಲ್ಲ. ಸೀರೆ, ಬಾಗಿಲು, ಬಕೆಟ್ಟು ಯಾವುದೂ ಹಸಿರಾಗಕೂಡದು. ಸೊಪ್ಪಿಗೆ ಮಾತ್ರ ವಿನಾಯಿತಿ, ಊಟ ನಡೆಯಬೇಕಲ್ಲ.

ಕಾರಣ ಒಂದು ಚುನಾವಣೆ. ೧೯೩೭ರಲ್ಲಿ ಮದ್ರಾಸ್ ಶಾಸನಸಭೆಯ ಇಲ್ಲಿನ ಗ್ರಾಮಾಂತರ ಕ್ಷೇತ್ರಕ್ಕೆ ಹುಡುಗಿಯ ಮುತ್ತಜ್ಜ ನಿಂತಿದ್ದರು. ಓದು ಬಾರದವರಿಗಾಗಿ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಬಣ್ಣದ ಪೆಟ್ಟಿಗೆ. ಹಸಿರು ಪೆಟ್ಟಿಗೆಯವನು ಮೋಸದಿಂದ ಸೋಲಿಸಿದ ಎಂದು ಮುತ್ತಜ್ಜ ಮನೆಮಂದಿಗೆಲ್ಲ ಆಣೆ ಹಾಕಿದರು. ಆಮೇಲೆ ಬ್ರಿಟಿಷರು ಹೋದರು, ಆ ಕ್ಷೇತ್ರವೂ ನಕಾಶೆಯಿಂದ ಅಳಿಸಿಹೋಯಿತು. ಆಣೆ ಉಳಿಯಿತು.

ದುವ್ವಾಡದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಸತ್ಯಮೂರ್ತಿ, ಕಾಗದ ನೋಡದೆ ಯಾವ ಮಾತನ್ನೂ ನಂಬಿದವರಲ್ಲ. ರಜೆ ಹಾಕಿ ರೈಲು ಹತ್ತಿ ವಿಜಯವಾಡಕ್ಕೆ ಹೋದರು. ಅಲ್ಲಿ ವಕೀಲ ದುರ್ಗಾಪ್ರಸಾದರ ತಂದೆ ಅಂದು ಮತ ಎಣಿಸಿದ ಗುಮಾಸ್ತರು. ಪೆಟ್ಟಿಗೆವಾರು ಲೆಕ್ಕ ಬರೆದಿಟ್ಟ ಅವರ ನೋಟ್‌ಬುಕ್ಕು ಇನ್ನೂ ಬೀರುವಿನಲ್ಲಿತ್ತು. ನಕಲು ಮಾಡಿಕೊಳ್ಳುವುದು ಸುಲಭವಾಗಿತ್ತು. ಈಗ ಬೀಗರ ಮನೆಯಲ್ಲಿ ಕೂತು ಅದನ್ನು ಬಾಯಿಬಿಟ್ಟು ಹೇಳುವುದೇ ಕಷ್ಟ.

"ಹೇಳ್ರಿ ಬೀಗರೇ, ಬಿಕ್ಕಳಿಕಿ ಹಿಡದಂಗ ಯಾಕ ಕುಂತೀರಿ?" ಎಂದರು ಹುಡುಗಿಯ ಅಜ್ಜಿ ಭ್ರಮರಾಂಬ. ಸೋತವರ ಒಬ್ಬಳೇ ಮಗಳು, ಎಂಬತ್ತೇಳರ ಪ್ರಾಯ. ತಾಯಿಯ ಬಳ್ಳಾರಿ ಕನ್ನಡಕ್ಕೆ ತೆಲುಗು ಬೆರೆಸಿ ಆಡುವವರು; ತಂದೆಯನ್ನು ನಾನ್ನ ಎಂದೇ ಕರೆಯುವವರು.

"ತಪ್ಪು ತಿಳೀಬೇಡಿ ಅಮ್ಮ. ಹಸಿರು ಪೆಟ್ಟಿಗೆ ಎದುರಾಳಿಯದಲ್ಲ. ನಿಮ್ಮ ತಂದೆಯವರದೇ."

ಅಜ್ಜಿ ಕಣ್ಣು ಮಿಟುಕಿಸಲಿಲ್ಲ. "ನಮ್ಮೂರಾಗ ಅದಕ್ಕ ಎಷ್ಟು ಓಟು ಬಿದ್ದಿದ್ವು?"

ಸುಳ್ಳು ಹೇಳಲು ಒಳ್ಳೆಯ ಸಮಯ. ಸತ್ಯಮೂರ್ತಿಯವರ ನಾಲಿಗೆ ಒಪ್ಪಲಿಲ್ಲ. "ಐದು."

"ಮನ್ಯಾಗ ಓಟಿದ್ದೋರು ಆರು ಮಂದಿ."

ಸತ್ಯಮೂರ್ತಿ ಕಾಗದವನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. ಸಂಬಂಧ ಇಲ್ಲಿಗೆ ಮುರಿಯಿತು ಎಂದುಕೊಂಡರು.

"ಆರನೇದು ನಮ್ಮಮ್ಮಂದು" ಎಂದರು ಅಜ್ಜಿ. "ಸಾಯೋ ಮುಂಚೆ ನನಗೊಬ್ಬಾಕಿಗೇ ಹೇಳಿದ್ಲು. ನಾನ್ನ ಗೆದ್ರ ಮದ್ರಾಸಿಗೆ ಹೋಗಿ ಕುಂದರ್ತಾರ, ಮನ್ಯಾಗ ಇರ್ಲಿ ಅಂತ ಎದುರಾಳಿ ಹಳದಿ ಪೆಟ್ಟಿಗ್ಯಾಗ ಹಾಕಿದ್ಲಂತ. ಇದ್ರು ನೋಡ್ರಿ, ನಲವತ್ತು ವರ್ಷ ಕದಲದಂಗ. ಕೊತ್ತಂಬರಿಗೂ ಬೈಕೋತ."

"ಮತ್ತೆ ಇಷ್ಟು ವರ್ಷ ನೀವು ಸುಮ್ಮನೆ..."

"ಐದು ಓಟಿನ ನಾಚಿಕಿ ಮುಚ್ಚಾಕ ನಾನ್ನ ಹಸಿರನ್ನ ಎದುರಾಳಿ ತಲಿಗೆ ಕಟ್ಟಿದ್ರು, ಗೊತ್ತಿದ್ದೋರು ಬಾಯಿ ಬಿಡ್ಲಿಲ್ಲ. ಹಸಿರಿನ ಮಾತೆತ್ತಿದ್ರ ಎಣಿಕಿ ಮಾತು ಬರ್ತಿತ್ತಲ್ಲಂಡಿ." ಅಜ್ಜಿ ಕಾಗದವನ್ನು ಕಸಿದು ಎಲೆಅಡಿಕೆ ಡಬ್ಬಿಯೊಳಗೆ ಹಾಕಿ ಮುಚ್ಚಿದರು. "ಹಸಿರು ನಾನ್ನಂದೇ ಅಂತ ಒಳಗ ಹೇಳ್ರಿ. ಐದು ಬ್ಯಾಡ, ಆರು ಬ್ಯಾಡ. ಅದಿರ್ಲಿ, ಆಗಿಂದ ನಿಮ್ಮ ಚೀಲದಾಗ ಏನೋ ಘಲ್ ಅಂತೈತಿ."

ಡಬ್ಬಿ ಹೊರಬಂತು. ಮೊಮ್ಮಗಳನ್ನು ಕೂಗುವ ಮೊದಲು ಅಜ್ಜಿ ಗೋಡೆಯತ್ತ ಬೆರಳು ತೋರಿದರು. ಫೋಟೊದೊಳಗಿಂದ ಪೇಟ ಸುತ್ತಿದ ನಾನ್ನ ಗುರಾಯಿಸುತ್ತಿದ್ದರು.

ಸತ್ಯಮೂರ್ತಿ ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದರು. ಎರಡೂ ಕೈಯಲ್ಲಿ ಹಿಡಿದು, ಫೋಟೊವನ್ನು ಮೆಲ್ಲಗೆ ಗೋಡೆಯ ಕಡೆಗೆ ತಿರುಗಿಸಿದರು.