ಮೊದಲು ಬಿದ್ದ ಅವರೆಕಾಳು

ಸುಗುಣಳಿಗೆ ಪೆನ್ನಾಗರಂ ಶಾಲೆಯ ವಿಜ್ಞಾನ ಟೀಚರ್ ಕೆಲಸ ಸಿಗುವುದು ಹೆಡ್‌ಮಿಸ್ಟ್ರೆಸ್ ಮುಂದೆ ಅಂದು ಮಾಡುವ ಒಂದು ಪಾಠದ ಮೇಲೆ ನಿಂತಿತ್ತು. ಅತ್ತೆಯ ದೇವರಮನೆಯಿಂದ ಬೇಡಿ ತಂದ ತಾಮ್ರದ ಉದ್ಧರಣೆಯನ್ನೂ ಅಷ್ಟೇ ಉದ್ದದ ಸ್ಟೀಲ್ ಚಮಚವನ್ನೂ ಕುದಿನೀರಿನಲ್ಲಿ ನಿಲ್ಲಿಸಿದಳು. ಎರಡರ ತುದಿಗೂ ಬೆಣ್ಣೆಯಲ್ಲಿ ಅವರೆಕಾಳು ಅಂಟಿಸಿದ್ದಳು. "ಯಾವ ಕಾಳು ಮೊದಲು ಬೀಳುತ್ತೆ?" ಎಂದು ಕೇಳಿದಳು.

"ಮದುವೆಗೆಲ್ಲಾ ಸ್ಟೀಲೇ ಕೊಡೋದು ಟೀಚರ್, ಗೆಲ್ಲೋದೂ ಅದೇ!" ಎಂದು ಮುಂದಿನ ಬೆಂಚಿನ ಸೆಲ್ವಿ ಕೂಗಿದಳು. ತರಗತಿಯೆಲ್ಲ ಹೌದೆಂದಿತು. ಎರಡೂ ಒಟ್ಟಿಗೇ ಬಿದ್ದರೆ? ಸುಗುಣ ಕಾಳುಗಳ ಮೇಲೆಯೇ ಕಣ್ಣಿಟ್ಟಳು.

ಬೆಣ್ಣೆ ಕರಗಿ ಟಪ್ಪನೆ ತಾಮ್ರದ ಕಾಳು ಬಿತ್ತು. ಸ್ಟೀಲಿನದು ಕದಲಲಿಲ್ಲ.

"ತಾಮ್ರದೊಳಗೆ ಎಲೆಕ್ಟ್ರಾನುಗಳು ಸಲೀಸಾಗಿ ಓಡಿ ಶಾಖವನ್ನೂ ಕರೆಂಟನ್ನೂ ಹೊರುತ್ತವೆ. ಸ್ಟೀಲು ಬೆರಕೆ ಲೋಹ, ಅದರಲ್ಲಿ ಹೆಜ್ಜೆಹೆಜ್ಜೆಗೂ ಎಡವುತ್ತವೆ," ಎಂದಳು ಸುಗುಣ.

"ಅದಕ್ಕೇಯಾ ಮೋಟಾರಿಗೆ ತಾಮ್ರದ ತಂತಿ ಸುತ್ತೋದು!" ಸೆಲ್ವಿ ಎದ್ದೇ ನಿಂತಳು. ಚಪ್ಪಾಳೆ ಗುಡುಗಿತು.

ಹೆಡ್‌ಮಿಸ್ಟ್ರೆಸ್ ನಕ್ಕರು. "ಸೋಮವಾರದಿಂದ ಬಾಮ್ಮ. ಮೊದ್ಲು ಓಗಿ ದೇವರ ಉದ್ಧರಣೆ ಅತ್ತೆ ಕೈಗೆ ಕೊಡು."