ನಡುಹೊಲಿಗೆ

ಸುರಪುರದ ಹೊಸ ಬಿಲ್ಡಿಂಗಿನಲ್ಲಿ ಹನ್ನೊಂದನೇ ನಂಬರಿನ ಅಂಗಡಿ ನಮ್ಮದಾಗಬೇಕಿತ್ತು. ಕೆಳಗೆ ಅಂಗಡಿ, ಮೇಲೆ ಸಂಸಾರಕ್ಕೆ ಎರಡು ಖೋಲಿ, ಎದುರಿಗೆ ಮೋಟಾರು ನಿಲ್ಲುವ ಅಂಗಳ. ಶಹಾಪುರದ ಬಸ್ಸು, ಯಾದಗಿರಿ ಸ್ಟೇಷನ್ನಿನ ಬಸ್ಸು ಎಲ್ಲ ಅಲ್ಲಿಗೇ ಬರುತ್ತವೆ. ಬಸ್ಸಿಳಿದವರು ಅಲ್ಲೇ ಸಾಮಾನು ಕೊಳ್ಳಬೇಕು, ಮೇಲಿದ್ದವರು ಮೆಟ್ಟಿಲಿಳಿದು ಬಸ್ಸು ಹತ್ತಬೇಕು, ಅಂಥ ಹಂಚಿಕೆ. ಹಂಚಿಕೆ ಚೆನ್ನಾಗಿಯೇ ಇತ್ತು, ಇಲ್ಲ ಅನ್ನಲಾರೆ. ಈಗ ಡ್ರೈವರುಗಳು ಬೀಡಿ ಸೇದುತ್ತ ನಿಲ್ಲುತ್ತಾರಲ್ಲ, ಅಲ್ಲಿ ನಮ್ಮ ಮನೆಯಿತ್ತು. ನನ್ನ ಮಾವ ಮಲ್ಕಪ್ಪನವರ ಕಂಬಳಿ ಮಗ್ಗ ಇತ್ತು.

ಅದು ಐವತ್ನಾಲ್ಕನೇ ಇಸವಿ, ಹೈದರಾಬಾದ್ ಸರ್ಕಾರ ಇನ್ನೂ ಇತ್ತು. ಜಾಗ ಬಿಡಿಸಲು ಬಂದವನು ಬಿಲ್ಡಿಂಗ್ ಕಮಿಟಿಯ ಭಗವಂತರಾಯ. ಹೊರಗಿನವನಲ್ಲ, ನಮ್ಮ ಕುಲದವನೇ. ಮಾವನನ್ನು ಕಾಕಾ ಎಂದು ಕರೆಯುತ್ತಿದ್ದ. ಮನೆ ಬಿಟ್ಟುಕೊಟ್ಟರೆ ಒಂದು ಅಂಗಡಿ, ಅದರ ಮೇಲೆ ಬಿಡಾರ ಎಂದ. ಪಕ್ಕದ ಮನೆಯ ಬಳೆಗಾರ್ತಿ ಮಸ್ತಾನಬಿ ನನ್ನ ಸೆರಗು ಜಗ್ಗಿದಳು.

"ಕಾಗದ ಮಾಡಿಸ್ಕೋ ಬೇಟಿ. ನಾ ಮಾಡಿಸ್ಕೊಂಡೀನಿ."

ಅದನ್ನು ಮಾವನ ಕಿವಿಗೆ ಹಾಕಿದೆ. ಅವರು ಕೆಂಡವಾದರು.

"ಕುಲದಾವ ಕಂಬಳಿ ಮ್ಯಾಲ ಕುಂತು ಮಾತ ಕೊಡ್ತಾನ. ಅದರ ಮ್ಯಾಲ ಕಾಗದ ಕೇಳಿದ್ರ ಕಂಬಳಿಗಿ ಉಗಳಿದಂಗ!"

ನಮ್ಮಲ್ಲಿ ಹಾಗೆ. ಕರಿ ಕಂಬಳಿ ಹಾಸಿ, ದೇವರ ಅರಿಶಿನದ ಭಂಡಾರ ಇಟ್ಟು, ಅದರ ಮೇಲೆ ಕೂತು ಆಡಿದ ಮಾತಿಗೆ ತಪ್ಪಿದವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಆದರೆ ಕಂಬಳಿ ಪೂರ್ತಿ ಕುರಿಯ ಉಣ್ಣೆಯದೇ ಆಗಿರಬೇಕು. ಹತ್ತಿಯ ಒಂದೆಳೆ ಸೇರಿದರೂ ಅದು ಬರೀ ಹೊದಿಕೆ. ಮಾವ ಗೂಟದ ಮೇಲಿನ ಕಂಬಳಿ ಇಳಿಸಿ ಹಾಸಿದರು. ಭಗವಂತರಾಯ ಕೂತ, ಭಂಡಾರ ಹಣೆಗೆ ಹಚ್ಚಿಕೊಂಡ, ಹೇಳಬೇಕಾದದ್ದನ್ನೆಲ್ಲ ಹೇಳಿದ. ಹೇಳುವಾಗ ಅವನ ಬೆರಳು ಕಂಬಳಿಯ ನಡುಹೊಲಿಗೆಯ ಮೇಲೆ ಹಿಂದೆ ಮುಂದೆ ಓಡಾಡುತ್ತಿತ್ತು. ಚಹಾ ಹಿಡಿದು ನಿಂತಿದ್ದ ನಾನು ಆ ಬೆರಳನ್ನೇ ನೋಡುತ್ತಿದ್ದೆ.

ಆ ಹೊಲಿಗೆ ನನ್ನದು. ಕಂಬಳಿಯನ್ನು ಎರಡು ಪಟ್ಟಿಯಾಗಿ ನೇಯುತ್ತಾರೆ. ದಬ್ಬಣ ಹಿಡಿದು ನಡುವೆ ಹೊಲಿದು ಒಂದು ಮಾಡುವುದು ಮನೆಯ ಹೆಂಗಸರ ಕೆಲಸ. ರಜಾಕಾರರ ಗದ್ದಲದಲ್ಲಿ ನಮ್ಮ ಕುರಿಗಳು ಹೋಗಿದ್ದವು. ಪೊಲೀಸ್ ಆಕ್ಷನ್ ಆದ ವರ್ಷದ ಚಳಿಯಲ್ಲಿ ಮಾವ ಮನೆಯಲ್ಲಿದ್ದ ಉಣ್ಣೆಯನ್ನೆಲ್ಲ ನೇಯ್ದುಬಿಟ್ಟರು. ಹೊಲಿಯಲು ನೂಲು ಉಳಿಯಲಿಲ್ಲ. ನಾನು ಗಿರಣಿಯ ಹತ್ತಿ ದಾರಕ್ಕೆ ಮಸಿ ಹಚ್ಚಿ ಹೊಲಿದೆ. ಹೊದೆಯುವ ಕಂಬಳಿ, ಯಾರು ನೋಡುತ್ತಾರೆ ಅಂದುಕೊಂಡೆ. ಭಗವಂತರಾಯ ಕೂತ ದಿನವಾದರೂ ಬಾಯಿ ಬಿಡಬೇಕಿತ್ತು. ಅಂಜಿದೆ, ಬಿಡಲಿಲ್ಲ.

ಮನೆ ಕೆಡವಿದರು. ಮೂರು ವರ್ಷ ಊರ ಹೊರಗೆ ಜೋಪಡಿಯಲ್ಲಿದ್ದೆವು. ಬಿಲ್ಡಿಂಗು ಎದ್ದು ನಿಲ್ಲುವ ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿದ್ದೆವು. ಅಂಗಡಿ ಹಂಚುವ ದಿನ ಮಸ್ತಾನಬಿ ತನ್ನ ಕಾಗದ ಕೊಟ್ಟಳು. ಅದು ಉರ್ದುವಿನಲ್ಲಿತ್ತು, ಕೆಳಗೆ ಹಳೇ ಸರ್ಕಾರದ ಮೊಹರು. ಹೊಸ ಗುಮಾಸ್ತ ತಲೆಕೆಳಗಾಗಿ ಹಿಡಿದು ನೋಡಿ ವಾಪಸು ಕೊಟ್ಟ. ಆಮೇಲೆ ಮಾವ ಮುಂದೆ ಹೋದರು.

"ನಮ್ದು ಕಾಗದ ಇಲ್ಲರಿ ಸಾಹೇಬ್ರ. ಭಗವಂತರಾಯ ಕಂಬಳಿ ಮ್ಯಾಲ ಕುಂತು ಮಾತ ಕೊಟ್ಟಾನ."

ಅಂಗಡಿ ಹಂಚುತ್ತಿದ್ದ ಸಾಹೇಬರು ನಕ್ಕು ಭಗವಂತರಾಯನ ಕಡೆ ನೋಡಿದರು. ಅವನು ಇಲ್ಲ ಅನ್ನಲಿಲ್ಲ.

"ಕೊಟ್ಟೀನಿ. ಆದ್ರ ಕಾಕಾ, ಆ ಕಂಬಳಿ ಒಂದಿಷ್ಟ ಕೊಡ್ರಿ ಇಲ್ಲಿ."

ಕಂಬಳಿ ಮಾವನ ಹೆಗಲ ಮೇಲೇ ಇತ್ತು. ಅವನು ನಡುಹೊಲಿಗೆಯಿಂದ ಒಂದೆಳೆ ಕಿತ್ತು ಕಡ್ಡಿ ಗೀರಿದ. ಉಣ್ಣೆಯಾಗಿದ್ದರೆ ಮುದುಡಿಕೊಂಡು ಸುಟ್ಟ ಕೂದಲಿನ ವಾಸನೆ ಬರಬೇಕು. ಆ ಎಳೆ ಭಗ್ಗೆಂದು ಉರಿದು ಬೂದಿಯಾಯಿತು.

"ಉಣ್ಣಿ ಕಂಬಳಿ ಮ್ಯಾಲಿನ ಮಾತಿಗಿ ನಾ ತಲಿ ಕೊಡ್ತೀನಿ ಕಾಕಾ. ಇದು ಕಂಬಳಿನೇ ಅಲ್ಲ."

ನನಗೆ ತಡೆಯಲಾಗಲಿಲ್ಲ. "ಅವತ್ತೇ ಗೊತ್ತಿತ್ತು ನಿಮಗ! ಬೆರಳಿಲೆ ಮುಟ್ಟಿ ಮುಟ್ಟಿ ನೋಡಿದ್ರಿ! ಗೊತ್ತಿದ್ದೇ ಮಾತ ಕೊಟ್ರಿ!"

"ಹೊಲಿದಾಕಿ ನೀನ ಅಲ್ಲ?" ಎಂದ ಅವನು, ತಣ್ಣಗೆ.

ಮಾವ ನನ್ನನ್ನು ನೋಡಿದರು. ಬೈದಿದ್ದರೆ ಬದುಕುತ್ತಿದ್ದೆ. ಅವರು ಕಂಬಳಿ ಮಡಚಿ, ಆ ದ್ರೋಹಿಗೆ "ನಿಂದೇನೂ ತಪ್ಪಿಲ್ಲಪಾ" ಎಂದು ಹೇಳಿ ಮೆಟ್ಟಿಲಿಳಿದರು.

ಹನ್ನೊಂದನೇ ನಂಬರು ಭಗವಂತರಾಯನ ಹೆಂಡತಿಯ ತಮ್ಮನಿಗೆ ಹೋಯಿತು. ಅವನು ಗಿರಣಿ ಚಾದರ ಮಾರುತ್ತಾನೆ. ಎದುರಿನ ರಸ್ತೆಯ ಬದಿ ನಾನು ಕಂಬಳಿ ಹರಡಿಕೊಂಡು ಕೂತೆ, ಪಕ್ಕದಲ್ಲಿ ಮಸ್ತಾನಬಿ ಬಳೆ ಬುಟ್ಟಿ ಇಟ್ಟುಕೊಂಡು. ಪ್ರತಿ ಬಸ್ಸಿನ ಧೂಳೂ ನಮಗೇ. ಮಾವ ಅಂದಿನಿಂದ ನನ್ನ ಕೈಗೆ ದಬ್ಬಣ ಕೊಡಲಿಲ್ಲ. ಮಂಜುಗಣ್ಣಿನಲ್ಲಿ ತಾವೇ ಹೊಲಿಯುತ್ತಿದ್ದರು, ಹೊಲಿಗೆ ಸೊಟ್ಟಪಟ್ಟ ಹೋಗುತ್ತಿತ್ತು.

ಬಿಲ್ಡಿಂಗಿನ ಉದ್ಘಾಟನೆಗೆ ಗದ್ದುಗೆ ಹಾಸಲು ಕಂಬಳಿ ಬೇಕಾಯಿತು. ನಾಚಿಕೆಯಿಲ್ಲದೆ ನಮ್ಮಲ್ಲಿಗೇ ಕೇಳಿ ಕಳಿಸಿದರು. ಕೊಡಬೇಡಿ ಅಂದೆ. ಮಾವ ಒಂದೊಂದು ಎಳೆಯನ್ನೂ ದೀಪಕ್ಕೆ ಹಿಡಿದು ವಾಸನೆ ನೋಡಿ ಹೊಲಿದು ಕೊಟ್ಟರು. ಭಗವಂತರಾಯ ಅದರ ಮೇಲೆ ಕೂತು, ಭಂಡಾರ ಹಚ್ಚಿಕೊಂಡು, ಊರೆಲ್ಲ ಕೇಳುವ ಹಾಗೆ ಹೇಳಿದ: "ಬರೋ ಯುಗಾದಿ ಒಳಗ ರಸ್ತಾದಾಗ ಕುಂತವರಿಗೆಲ್ಲ ಬಸ್ಸಿನ ಅಂಗಳದಾಗ ತಗಡಿನ ಅಂಗಡಿ ಹಾಕಿಸಿ ಕೊಡ್ತೀವಿ."

"ಈ ಸಲ ಹೊಲಿಗಿ ಗಟ್ಟಿ ಅದ," ಎಂದು ಮಾವ ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಯುಗಾದಿ ಬಂತು, ಹೋಯಿತು. ಇನ್ನೊಂದು ಯುಗಾದಿಯೂ ಹೋಯಿತು. ಭಗವಂತರಾಯನ ಮನೆಯಲ್ಲಿ ಎಲ್ಲರೂ ನೀರು ಕುಡಿದರು, ಊಟವನ್ನೂ ಉಂಡರು. ದಾರದ ತಪ್ಪೇ ಅಲ್ಲ ಅದು ಎಂದು ನನಗೆ ಆಗ ಗೊತ್ತಾಯಿತು. ಚಿನ್ನದ ಎಳೆಯಲ್ಲಿ ಹೊಲಿದಿದ್ದರೂ ಅವನು ಅಷ್ಟೇ.

ಮಾವನಿಗೆ ಮಾತ್ರ ಗೊತ್ತಾಗಲಿಲ್ಲ. ಹಾಸಿಗೆ ಹಿಡಿದ ಮೇಲೂ ಕಂಬಳಿಯಲ್ಲೇ ತಪ್ಪು ಹುಡುಕುತ್ತಿದ್ದರು. ಉಣ್ಣೆ ಸತ್ತ ಕುರಿಯದಿತ್ತೇನೋ, ನೂಲಿಗೆ ಹಚ್ಚಿದ ಗಂಜಿ ಕೆಟ್ಟಿತ್ತೇನೋ ಎನ್ನುತ್ತಿದ್ದರು. ಕೊನೆಯ ದಿನ ನನ್ನ ಕೈ ಹಿಡಿದುಕೊಂಡರು.

"ಶೇಖಮ್ಮ, ಖರೇ ಹೇಳು. ನಾ ಇಲ್ಲದಾಗ ಆ ಗದ್ದುಗಿ ಕಂಬಳಿಗಿ ನೀ ಕೈ ಹಚ್ಚಿದ್ದ್ಯೇನು?"

ನಾನು ಅದನ್ನು ಮುಟ್ಟಿಯೂ ಇರಲಿಲ್ಲ.

"ಹೂಂ ಮಾವ," ಅಂದೆ. "ಒಂದೆಳಿ."

ಅವರ ಮುಖ ಹಗುರಾಯಿತು. "ಹಂಗಂತೇಳು. ಅದಕ್ಕ ನೋಡು," ಎಂದು ನನ್ನ ಕೈ ಬಿಟ್ಟು ಗೋಡೆ ಕಡೆ ಹೊರಳಿದರು.